ಏಳನೇ ತಿಂಗಳ ವಿಮಾನ

ನಮ್ಮ ಕಡೆ ಬಸುರಿಗೆ ಏಳು ತುಂಬುತ್ತಿದ್ದಂತೆ ಮನೆಯಲ್ಲಿ ಎರಡು ಮಾತು ಶುರುವಾಗುತ್ತವೆ. ಒಂದು ಸೀಮಂತದ್ದು, ಇನ್ನೊಂದು ಬಾಣಂತನ ಎಲ್ಲಿ ಎಂಬುದು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ಹಾಸನದ ಹುಡುಗಿಯನ್ನು ಮೈಸೂರಿಗೆ ಕೊಡುತ್ತಿದ್ದ ಕಾಲದ್ದು. ಮಡಿಲು ತುಂಬಿಸಿ, ಹಸಿರು ಬಳೆ ತೊಡಿಸಿ, ಊಟ ಮುಗಿಸಿ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ತವರು. ಈಗ ಅದೇ ಹುಡುಗಿ ದುಬೈಯಲ್ಲಿದ್ದಾಳೆ, ಮಸ್ಕತ್‌ನಲ್ಲಿದ್ದಾಳೆ, ಡಲ್ಲಾಸ್‌ನಲ್ಲಿದ್ದಾಳೆ. ರೂಢಿ ಹಾಗೇ ಉಳಿದಿದೆ, ದಾರಿ ಉದ್ದವಾಗಿದೆ.

ವಿಮಾನದವರು ತಿಂಗಳು ಎಣಿಸುವುದಿಲ್ಲ, ವಾರ ಎಣಿಸುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರಕ್ಕೆ ದಿನ ತುಂಬುತ್ತದೆ. ಅಮ್ಮಂದಿರು ‘ಏಳು ನಡೀತಿದೆ’ ಎನ್ನುವಾಗ ಆಸ್ಪತ್ರೆಯ ಚೀಟಿಯಲ್ಲಿ 27 ವಾರ ಇರಬಹುದು, 30 ಕೂಡ ಇರಬಹುದು. ವಿಮಾನ ಸಂಸ್ಥೆಗಳ ನಿಯಮಗಳು ಮಗ್ಗುಲು ಬದಲಿಸುವುದು ಸರಿಯಾಗಿ ಈ ಹೊತ್ತಿನಲ್ಲೇ. ಅನೇಕ ಸಂಸ್ಥೆಗಳು 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಕೇಳುತ್ತವೆ, ಕೆಲವು 32ರ ನಂತರ. ಹೊಟ್ಟೆಯಲ್ಲಿ ಒಂದೇ ಮಗುವಿದ್ದರೆ 36 ವಾರದ ಆಸುಪಾಸಿನಲ್ಲಿ, ಅವಳಿಯಿದ್ದರೆ 32ರ ಆಸುಪಾಸಿನಲ್ಲಿ ಬಾಗಿಲು ಮುಚ್ಚುತ್ತದೆ. ಸಂಸ್ಥೆಯಿಂದ ಸಂಸ್ಥೆಗೆ ಒಂದೆರಡು ವಾರ ಆಚೀಚೆ ಆದೀತು. ಸೀಮಂತಕ್ಕೆಂದು ಊರಿಗೆ ಬಂದು ಮರಳಿ ಹೋಗುವವರು ಬರುವ ದಿನವನ್ನಷ್ಟೇ ಲೆಕ್ಕ ಹಾಕಿರುತ್ತಾರೆ. ಮುಹೂರ್ತ ಒಂದು ವಾರ ಮುಂದೆ ಹೋದರೆ ವಾಪಸಿನ ಟಿಕೆಟ್ಟೇ ಕೆಲಸಕ್ಕೆ ಬಾರದಂತಾಗುವ ಸಂಭವವಿದೆ.

ಕಳೆದ ವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಡುರಾತ್ರಿ ಇಂಥದೊಂದನ್ನು ಕಣ್ಣಾರೆ ಕಂಡೆ. ನನ್ನ ಮುಂದಿನ ಸಾಲಿನಲ್ಲಿ ನಿಂತಿದ್ದ ಹುಡುಗಿಯ ಎರಡೂ ಕೈಗೆ ಮೊಣಕೈವರೆಗೆ ಹಸಿರು ಗಾಜಿನ ಬಳೆ. ಜತೆಗೆ ಅಪ್ಪ ಇದ್ದರು. ವೈದ್ಯರ ಪತ್ರ ಇತ್ತು, ಆದರೆ ಅದರ ತಾರೀಕು ಹತ್ತು ದಿನ ಹಳೆಯದು. ಆ ಸಂಸ್ಥೆಗೆ ಏಳು ದಿನದೊಳಗಿನ ಪತ್ರವೇ ಬೇಕಿತ್ತು. “ಮೂರು ದಿನದಲ್ಲಿ ಏನಾಗಿಬಿಡತ್ತಮ್ಮಾ?” ಎಂದು ಅಪ್ಪ ಬೇಡಿಕೊಂಡರು. ಕೌಂಟರಿನಲ್ಲಿದ್ದ ಹುಡುಗಿ ದನಿ ಎತ್ತಲಿಲ್ಲ. “ನಿಮ್ಮ ಕಷ್ಟ ಅರ್ಥ ಆಗತ್ತೆ ಸರ್. ಆದ್ರೆ ಮೇಲೆ ಹೋದ್ಮೇಲೆ ಇಳಿಸೋಕೆ ಆಗಲ್ವಲ್ಲಾ” ಅಂದಳು. ಅಪ್ಪ, ಮಗಳು ಸೂಟ್‌ಕೇಸು ತಳ್ಳಿಕೊಂಡು ಹೊರಟುಹೋದರು. ಆ ಕ್ಷಣ ನನಗೂ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದಾಗ, ಆ ಕೌಂಟರಿನ ಹುಡುಗಿ ಹೇಳಿದ್ದೇ ಸರಿ ಅನ್ನಿಸಿತು.

ಹಾಗಂತ ವಿಮಾನವನ್ನೇ ಭೂತ ಮಾಡುವುದು ಬೇಡ. ತೊಡಕಿಲ್ಲದ ಬಸಿರಿಗೆ ವಿಮಾನ ಪ್ರಯಾಣ ಸಾಮಾನ್ಯವಾಗಿ ಅಪಾಯವಲ್ಲ ಎಂದೇ ಅಮೆರಿಕ, ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಘಟನೆಗಳು ಹೇಳುತ್ತವೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿ, ಊಟಿಯ ದೊಡ್ಡಬೆಟ್ಟ 8,600 ಅಡಿ. ಅವೆರಡರ ನಡುವೆ ಎಲ್ಲೋ ಒಂದು ಕಡೆ ತಾಸುಗಟ್ಟಲೆ ಕುಳಿತ ಹಾಗೆ. ಹೊಟ್ಟೆಯಲ್ಲಿರುವ ಕೂಸಿನ ರಕ್ತಕ್ಕೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಇದೆ, ಹಾಗಾಗಿ ಗಟ್ಟಿ ತಾಯಿಯ ಕೂಸಿಗೆ ತೊಂದರೆಯಿಲ್ಲ. ರಕ್ತವೇ ತೀರ ಕಡಿಮೆಯಿರುವ ತಾಯಿಯ ಮಾತು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಇನ್ನೊಂದು ಸಂಗತಿ ಕಾಲಿನದು. ಬಸುರಿಯ ರಕ್ತ ಹೆಪ್ಪುಗಟ್ಟುವ ಸ್ವಭಾವ ಮೊದಲೇ ಹೆಚ್ಚು. ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಇಕ್ಕಟ್ಟಾದ ಸೀಟಿನಲ್ಲಿ ಕಾಲು ಇಳಿಬಿಟ್ಟು ತಾಸುಗಟ್ಟಲೆ ಕುಳಿತಾಗ ಅದೇ ಏರ್ಪಾಡು ತಿರುಗಿಬೀಳುತ್ತದೆ. ಮೀನಖಂಡದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ಹಾರಿದರೂ ಹದಿನಾರು–ಹದಿನೇಳು ತಾಸು. ಬಿಗಿ ಕಾಲುಚೀಲ, ಆಗಾಗ ಎದ್ದು ನಡೆಯುವುದು, ನೀರು ಕುಡಿಯುವುದು, ಹೊಟ್ಟೆಯ ಕೆಳಗೆ ಬೆಲ್ಟು ಕಟ್ಟುವುದು ಇವನ್ನೆಲ್ಲ ವೈದ್ಯರು ಹೇಳಿಯೇ ಹೇಳುತ್ತಾರೆ. ಪಾಲಿಸುವುದು ಕಷ್ಟವೇನಲ್ಲ.

ನನ್ನ ಹೆದರಿಕೆ ವಿಮಾನದ್ದಲ್ಲ. ಬಸಿರಿನ ಪೂರ್ವಾಪರ ಗೊತ್ತಿಲ್ಲದವರ ಕೈಗೆ ಹೆರಿಗೆ ಹೋಗಿ ಬೀಳುತ್ತದಲ್ಲ, ಅದರದು.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ಅಣ್ಣನ ಮಗಳು ಕೊಲ್ಲಿಯ ಒಂದು ಊರಿನಿಂದ ಬಾಣಂತನಕ್ಕೆಂದು ಹಾಸನದ ಹತ್ತಿರದ ನಮ್ಮೂರಿಗೆ ಬಂದಳು. ಆಗ 31 ವಾರ. ಬಂದ ಮಾರನೇ ದಿನ ಅತ್ತಿಗೆ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ನಾನೂ ಜತೆಗಿದ್ದೆ.

“ಬ್ಲಡ್ ಗ್ರೂಪ್ ಏನಮ್ಮಾ?”

“ಓ ನೆಗೆಟಿವ್ ಮೇಡಂ.”

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. “ಇಪ್ಪತ್ತೆಂಟನೇ ವಾರದಲ್ಲಿ ಆಂಟಿ-ಡಿ ಹಾಕಿದ್ರಾ?”

“ಒಂದು ಇಂಜೆಕ್ಷನ್ ಹಾಕಿದ್ರು ಮೇಡಂ. ಯಾವುದು ಅಂತ ಕೇಳ್ಕೊಳ್ಳಲಿಲ್ಲ.”

ತಾಯಿಯ ರಕ್ತ ನೆಗೆಟಿವ್ ಇದ್ದು ಹೊಟ್ಟೆಯ ಕೂಸಿನದು ಪಾಸಿಟಿವ್ ಆಗಿದ್ದರೆ, ಕೂಸಿನ ರಕ್ತಕಣಗಳ ವಿರುದ್ಧ ತಾಯಿಯ ದೇಹ ಪ್ರತಿಕಾಯ ಕಟ್ಟಿಕೊಳ್ಳುವ ಸಂಭವವಿದೆ. ಮೊದಲ ಕೂಸು ಬಹುಮಟ್ಟಿಗೆ ಪಾರಾಗುತ್ತದೆ, ಪೆಟ್ಟು ಬೀಳುವುದು ಮುಂದಿನ ಬಸಿರಿನ ಕೂಸಿಗೆ. ಅದನ್ನು ತಡೆಯಲೆಂದೇ 28ನೇ ವಾರದ ಹೊತ್ತಿಗೆ ಒಂದು, ಹೆರಿಗೆಯಾದ 72 ತಾಸಿನೊಳಗೆ ಇನ್ನೊಂದು ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ರಕ್ತ ಪರೀಕ್ಷೆ ಮಾಡಿ ತಿಳಿದುಕೊಳ್ಳಬಾರದೇ ಎಂದು ಕೇಳಿದೆ. ಆ ಚುಚ್ಚುಮದ್ದು ಆದವರ ರಕ್ತದಲ್ಲೂ ಕೆಲವು ವಾರ ಅದೇ ಪ್ರತಿಕಾಯ ಕಾಣಿಸುತ್ತದಂತೆ. ಮದ್ದಿನಿಂದ ಬಂದದ್ದೋ ದೇಹವೇ ಕಟ್ಟಿಕೊಂಡದ್ದೋ ಎಂದು ಬಿಡಿಸಿ ಹೇಳಲು ಹಳೆಯ ಕಾಗದವೇ ಬೇಕು. ಹಳೆಯ ಕಾಗದ ಇದ್ದದ್ದು ಅಲ್ಲಿನ ಆಸ್ಪತ್ರೆಯ ಆ್ಯಪ್‌ನಲ್ಲಿ. ಆ್ಯಪ್ ತೆರೆಯಲು ಓಟಿಪಿ ಬೇಕು. ಓಟಿಪಿ ಹೋಗುವುದು ಅಲ್ಲಿನ ನಂಬರಿಗೆ. ಆ ಸಿಮ್ಮನ್ನು ಅವಳು ತೆಗೆದು ಗಂಡನ ಮೇಜಿನ ಡ್ರಾಯರಿನಲ್ಲಿಟ್ಟು ಬಂದಿದ್ದಳು. ಗಂಡ ಕೆಲಸದ ಸೈಟಿನಲ್ಲಿ. ಅವನು ಮನೆಗೆ ಬಂದು, ಸಿಮ್ ಹಾಕಿ, ಓಟಿಪಿ ಕಳುಹಿಸಿ, ಫೈಲು ತೆರೆಯುವಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು. ಅವಳಿಗೆ ಹಾಕಿದ್ದು ನಾಯಿಕೆಮ್ಮಿನ ಲಸಿಕೆ. ಆಂಟಿ-ಡಿಗೆ ಕೊಟ್ಟಿದ್ದ ದಿನ ಅವಳು ಸೂಟ್‌ಕೇಸು ಕಟ್ಟುತ್ತಿದ್ದಳು.

ತಡವಾಗಿಯಾದರೂ ಚುಚ್ಚುಮದ್ದು ಆಯಿತು, ಹೆರಿಗೆ ಸುಸೂತ್ರವಾಯಿತು, ಮಗು ಈಗ ಅಂಗಳದಲ್ಲಿ ಓಡಾಡುತ್ತಿದೆ. ಆದರೆ ಅಂದು ಡಾಕ್ಟರಮ್ಮ ಕೇಳದೇ ಇದ್ದಿದ್ದರೆ? ಅವಳಾಗಿ ಹೇಳುತ್ತಿರಲಿಲ್ಲ. ಓದಿದವಳು, ಬುದ್ಧಿವಂತೆ, ಹೇಳಬೇಕಾದ ಸಂಗತಿ ಇದೆಂದೇ ಅವಳಿಗೆ ಗೊತ್ತಿರಲಿಲ್ಲ.

ಬಸಿರಿನ ಆರೈಕೆ ಒಂದೇ ದಿನದ್ದಲ್ಲ, ವಾರವಾರಕ್ಕೆ ಪೋಣಿಸಿದ ಸರ. 18ರಿಂದ 20ನೇ ವಾರದಲ್ಲಿ ಅಂಗಾಂಗದ ಸ್ಕ್ಯಾನು, 24ರಿಂದ 28ರ ನಡುವೆ ಸಕ್ಕರೆಯ ಪರೀಕ್ಷೆ, 28ಕ್ಕೆ ನೆಗೆಟಿವ್ ರಕ್ತದವರಿಗೆ ಆಂಟಿ-ಡಿ, ಅಲ್ಲಿಂದಾಚೆ ಬಿಪಿಯ ಮೇಲೆ ಕಣ್ಣು. ಅಮೆರಿಕದಲ್ಲಿ 36–37ನೇ ವಾರದಲ್ಲಿ ಒಂದು ಬ್ಯಾಕ್ಟೀರಿಯಾ ಪರೀಕ್ಷೆ ಎಲ್ಲರಿಗೂ ಮಾಡುತ್ತಾರೆ, ನಮ್ಮಲ್ಲಿ ಎಲ್ಲರಿಗೂ ಮಾಡುವುದಿಲ್ಲ. ಪ್ರಯಾಣಕ್ಕೆ ಜನ ಆರಿಸಿಕೊಳ್ಳುವ ಹೊತ್ತು ಈ ಸರದ ನಟ್ಟನಡುವೆ ಬರುತ್ತದೆ. ಆ ಕಡೆಯವರು ‘ಊರಿಗೆ ಹೋಗ್ತಾರಲ್ಲ, ಅಲ್ಲಿ ಮಾಡಿಸ್ಕೊಳ್ತಾರೆ’ ಅನ್ನುತ್ತಾರೆ, ಈ ಕಡೆಯವರು ‘ಅಲ್ಲಿ ಮಾಡಿಸಿರ್ತಾರೆ’ ಅಂದುಕೊಳ್ಳುತ್ತಾರೆ. ನಡುವೆ ಒಂದು ಮಣಿ ಕಳೆದುಹೋಗಿರುತ್ತದೆ. ಬಿಪಿ ಏರುವ ಕಾಯಿಲೆ ತಲೆನೋವಾಗಿ, ಕಣ್ಣು ಮಂಜಾಗಿ, ಮುಖ ಕೈ ಊದಿಕೊಂಡು ಕಾಣಿಸಿಕೊಳ್ಳುವುದುಂಟು. ದೂರದ ಪ್ರಯಾಣ ಮಾಡಿ ಬಂದವಳಿಗೆ ತಲೆನೋವು, ಕಾಲು ಊತ ಇದ್ದರೆ ಮನೆಯವರು ಆಯಾಸ ಎನ್ನುತ್ತಾರೆ. ಅಲ್ಲೇ ಒಂದು ದಿನ ಹೋಗಿಬಿಡುತ್ತದೆ.

ಕೂಸಿಗೆ ಕ್ಯಾಲೆಂಡರಿನ ಹಂಗಿಲ್ಲ ಎನ್ನುವುದಕ್ಕೆ ಬೆಂಗಳೂರೇ ಸಾಕ್ಷಿ. 2020ರ ಅಕ್ಟೋಬರ್ 7ರ ಸಂಜೆ ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ವಿಮಾನದಲ್ಲಿ ತಾಯಿಯೊಬ್ಬರಿಗೆ ದಿನ ತುಂಬುವ ಮೊದಲೇ ಗಂಡು ಮಗು ಹುಟ್ಟಿತು. ಪುಣ್ಯಕ್ಕೆ ಪ್ರಯಾಣಿಕರಲ್ಲೇ ಒಬ್ಬ ಪ್ರಸೂತಿ ವೈದ್ಯೆ ಇದ್ದರು. ವಿಮಾನ ಇಳಿದಾಗ ತಾಯಿ ಮಗು ಇಬ್ಬರೂ ಕ್ಷೇಮ. ದೆಹಲಿ–ಬೆಂಗಳೂರಿನ ನಡುವೆ ಭೋಪಾಲ್ ಇದೆ, ನಾಗಪುರ ಇದೆ, ಹೈದರಾಬಾದ್ ಇದೆ. ತೀರ ಕಷ್ಟವಾದರೆ ಇಳಿಯಬಹುದು. ಪೆಸಿಫಿಕ್ ಸಾಗರದ ನಡುವೆ ಇಳಿಯುವುದೆಲ್ಲಿ?

ಇಷ್ಟು ತವರಿಗೆ ಬರುವವರ ಕಥೆ. ಇನ್ನೊಂದು ಬಗೆಯ ಪ್ರಯಾಣವಿದೆ: ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಸಿಗಲೆಂದೇ ಬಸುರಿಯಾಗಿ ಅಲ್ಲಿಗೆ ಹೋಗಿ ಹೆರುವುದು. ಬರ್ತ್ ಟೂರಿಸಂ ಎಂದು ಪತ್ರಿಕೆಗಳು ಕರೆಯುವುದು ಇದನ್ನು. ಮೊದಲನೆಯದರಲ್ಲಿ ಕಾಗದ ಮರೆತು ಬಿಟ್ಟುಬರುತ್ತಾರೆ. ಇದರಲ್ಲಿ ಬೇಕೆಂದೇ ಬಚ್ಚಿಡುತ್ತಾರೆ.

ಹಾಂಗ್‌ಕಾಂಗ್‌ನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. 1997ರಲ್ಲಿ ಅದು ಚೀನಾದ ಕೈಗೆ ಮರಳಿತು, ಆದರೆ ಅದರ ಕಾನೂನು, ಆಸ್ಪತ್ರೆ, ಶಾಲೆ ಎಲ್ಲ ಬೇರೆಯೇ ಉಳಿದವು. 2001ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು: ತಂದೆತಾಯಿ ಯಾರೇ ಇರಲಿ, ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಚೀನೀ ಪ್ರಜೆಗೆ ಅಲ್ಲೇ ನೆಲೆಸುವ ಹಕ್ಕಿದೆ. ಆ ವರ್ಷ ತಂದೆ ತಾಯಿ ಇಬ್ಬರೂ ಹಾಂಗ್‌ಕಾಂಗ್‌ನವರಲ್ಲದ, ಚೀನಾದ ಒಳನಾಡಿನ ಹೆಂಗಸರಿಗೆ ಅಲ್ಲಿ ಹುಟ್ಟಿದ ಮಕ್ಕಳು ಸುಮಾರು 620. ಹತ್ತು ವರ್ಷದಲ್ಲಿ, 2011ರಲ್ಲಿ, ಆ ಸಂಖ್ಯೆ 35 ಸಾವಿರ ದಾಟಿತು. ಒಂದೇ ಮಗು ಎಂಬ ಚೀನಾದ ಕಟ್ಟಳೆಯಿಂದ ತಪ್ಪಿಸಿಕೊಳ್ಳಲು ಎರಡನೆಯದನ್ನು ಹೆರಲು ಬಂದವರೂ ಅವರಲ್ಲಿದ್ದರು.

ಹೆರಿಗೆ ವಾರ್ಡುಗಳು ತುಂಬಿ ತುಳುಕಿದವು. ಸರ್ಕಾರ 2007ರಲ್ಲಿ ನಿಯಮ ತಂದಿತು: ಮೊದಲೇ ಆಸ್ಪತ್ರೆಯಲ್ಲಿ ಹಾಸಿಗೆ ಕಾಯ್ದಿರಿಸಬೇಕು, 39 ಸಾವಿರ ಹಾಂಗ್‌ಕಾಂಗ್ ಡಾಲರ್ ಕಟ್ಟಬೇಕು. 28 ವಾರ ದಾಟಿದ ಹೊರಗಿನ ಬಸುರಿಯರು ಗಡಿಯಲ್ಲಿ ಆ ಕಾಗದ ತೋರಿಸಬೇಕು. ಇಲ್ಲೂ ಮತ್ತೆ ಅದೇ ಏಳನೇ ತಿಂಗಳು. ನಿಯಮ ಬಿಗಿಯಾದಂತೆ ಹಾಸಿಗೆ ಸಿಗದವರು ಒಂದು ಭಯಂಕರ ದಾರಿ ಹಿಡಿದರು. ಗಡಿ ದಾಟಿ ಬಂದು ಎಲ್ಲೋ ಬಾಡಿಗೆಯ ಕೋಣೆಯಲ್ಲಿ ಸದ್ದಿಲ್ಲದೆ ಇದ್ದು, ನೋವು ಜೋರಾಗುವವರೆಗೆ ಹಲ್ಲು ಕಚ್ಚಿ ಕಾದು, ಕೂಸು ಇನ್ನೇನು ಹೊರಬರುತ್ತದೆ ಎನ್ನುವಾಗ ತುರ್ತು ವಿಭಾಗಕ್ಕೆ ಓಡುವುದು. ಆ ಸ್ಥಿತಿಯಲ್ಲಿ ಯಾವ ವೈದ್ಯರೂ ಹಿಂದಕ್ಕೆ ಕಳುಹಿಸಲಾರರು. ಆದರೆ ಆ ವೈದ್ಯರ ಮುಂದೆ ಏನಿತ್ತು? ಮಾಸು ಎಲ್ಲಿದೆ, ಕೂಸು ಅಡ್ಡಲಾಗಿದೆಯೇ, ಹಿಂದಿನದು ಸಿಸೇರಿಯನ್ನೇ, ರಕ್ತದಲ್ಲಿ ಸೋಂಕಿದೆಯೇ, ಒಂದೂ ಗೊತ್ತಿಲ್ಲ. ಹಾಸಿಗೆಯ ಮೇಲೆ ನರಳುವ ಒಬ್ಬ ತಾಯಿ, ಕಾಗದವೇ ಇಲ್ಲ. ಹೀಗೆ ಬರುವವರಿಗೆ 2012ರಲ್ಲಿ ಶುಲ್ಕವನ್ನು 90 ಸಾವಿರ ಡಾಲರಿಗೆ ಏರಿಸಿದರು. 2013ರ ಜನವರಿ 1ರಿಂದ ಗಂಡ ಹಾಂಗ್‌ಕಾಂಗ್‌ನವನಲ್ಲದ ಒಳನಾಡಿನ ಬಸುರಿಯರಿಗೆ ಅಲ್ಲಿನ ಆಸ್ಪತ್ರೆಗಳಲ್ಲಿ ಹೆರಿಗೆಗೆ ಹಾಸಿಗೆ ಕಾಯ್ದಿರಿಸುವುದನ್ನೇ ನಿಲ್ಲಿಸಲಾಯಿತು.

ಆ ಮಕ್ಕಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಕ್ಕು ಹಾಂಗ್‌ಕಾಂಗ್‌ನದು, ಮನೆ ಗಡಿಯಾಚೆಯ ಶೆನ್‌ಜೆನ್‌ನಲ್ಲಿ. ಸಾವಿರಾರು ಮಕ್ಕಳು ವರ್ಷಗಟ್ಟಲೆ ನಸುಕಿಗೇ ಎದ್ದು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ದಿನಾ ವಲಸೆ ತಪಾಸಣೆ ದಾಟಿ ಶಾಲೆಗೆ ಹೋದವು. ಐದಾರು ವರ್ಷದ ಮಗು ದಿನಕ್ಕೆ ಎರಡು ಸಲ ಗಡಿ ದಾಟುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಅಪ್ಪ ಅಮ್ಮ ಬಯಸಿದ್ದು ಒಳ್ಳೆಯದನ್ನೇ.

ಕ್ಯಾಲಿಫೋರ್ನಿಯಾದಲ್ಲಿ ಇದೇ ದಂಧೆಯಾಗಿ ಬೆಳೆಯಿತು. 2015ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತಲ ‘ಹೆರಿಗೆ ಹೋಟೆಲು’ಗಳ ಮೇಲೆ ಫೆಡರಲ್ ಅಧಿಕಾರಿಗಳು ದಾಳಿ ಮಾಡಿದರು. 2019ರ ಜನವರಿಯಲ್ಲಿ ದೋಷಾರೋಪ ಹೊರಿಸಿದಾಗ ಬಯಲಾದ ಸಂಗತಿಗಳು ಓದಿದವರ ಎದೆ ನಡುಗಿಸುವಂಥವು. ಹೊಟ್ಟೆ ಕಾಣದಂತೆ ಸಡಿಲ ಬಟ್ಟೆ ತೊಡಿ, ತಪಾಸಣೆ ಕಡಿಮೆಯಿರುವ ಹವಾಯಿಯಲ್ಲಿ ಇಳಿದು ಅಲ್ಲಿಂದ ಬನ್ನಿ, ವೀಸಾ ಅರ್ಜಿಯಲ್ಲಿ ಪ್ರವಾಸ ಎಂದಷ್ಟೇ ಹೇಳಿ ಎಂದು ಬಸುರಿಯರಿಗೆ ಪಾಠ ಹೇಳಿಕೊಡಲಾಗುತ್ತಿತ್ತು. ಒಬ್ಬೊಬ್ಬರಿಂದ ಹತ್ತಾರು ಸಾವಿರ ಡಾಲರ್ ಪಡೆಯುತ್ತಿದ್ದರು. ಬಸುರಿಯಾದವಳು ಹೊಟ್ಟೆ ಮುಚ್ಚಿಕೊಂಡು ಓಡಾಡಬೇಕಾದ ಸ್ಥಿತಿಯನ್ನು ಯೋಚಿಸಿ. ರಕ್ತ ಕಂಡರೆ, ತಲೆ ಸುತ್ತಿದರೆ ವಿಮಾನದ ಸಿಬ್ಬಂದಿಗೂ ಹೇಳುವಂತಿಲ್ಲ.

ಆ ದಾಳಿ ನಡೆದ 2015ರಲ್ಲೇ, ಅಕ್ಟೋಬರ್‌ನಲ್ಲಿ, ತೈಪೆಯಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಚೈನಾ ಏರ್‌ಲೈನ್ಸ್ ವಿಮಾನದಲ್ಲಿ ಒಬ್ಬ ತಾಯಿಗೆ ಸಾಗರದ ಮೇಲೆಯೇ ನೀರು ಒಡೆಯಿತು. ಪ್ರಯಾಣಿಕರಲ್ಲಿದ್ದ ಒಬ್ಬ ಯುವ ವೈದ್ಯೆ ಹೆರಿಗೆ ಮಾಡಿಸಿದರು, ವಿಮಾನ ಅಲಾಸ್ಕಾದ ಆಂಕರೇಜ್‌ಗೆ ತಿರುಗಿತು. ಹೆಣ್ಣು ಮಗು. ಆ ತಾಯಿ ಬಸಿರಿನ ವಾರಗಳನ್ನು ಮರೆಮಾಚಿದ್ದರೆಂಬ ಆರೋಪ ಬಂತು. ಕೆಲವೇ ದಿನಗಳಲ್ಲಿ ಆಕೆಯನ್ನು ತೈವಾನ್‌ಗೆ ವಾಪಸು ಕಳುಹಿಸಿದರು. ಹಸುಗೂಸು ಆಗ ಅವರ ಮಡಿಲಲ್ಲಿ ಇರಲಿಲ್ಲ ಎಂದು ವರದಿಗಳು ಹೇಳಿದವು. 2023ರ ಫೆಬ್ರುವರಿಯಲ್ಲಿ ಅರ್ಜೆಂಟೀನಾದ ವಲಸೆ ಅಧಿಕಾರಿಗಳು ಒಂದೇ ವಿಮಾನದಿಂದ 33 ಮಂದಿ ರಷ್ಯನ್ ಬಸುರಿಯರು ಇಳಿದರೆಂದು ತಿಳಿಸಿದರು. ಯುದ್ಧದ ನೆರಳಿನಿಂದ ಮಗುವನ್ನು ಪಾರುಮಾಡಲು ಹೊರಟ ತಾಯಂದಿರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಅವರಲ್ಲಿ ಅನೇಕರು ಎಂಟನೇ ತಿಂಗಳಲ್ಲಿದ್ದವರು, ಅರ್ಧ ಭೂಮಿ ಸುತ್ತಿ ಬಂದವರು.

ಕನ್ನಡಿಗರ ಮನೆಗಳಿಗೆ ಇದು ತಾಗಿದ್ದು 2025ರ ಜನವರಿಯಲ್ಲಿ. ಅಮೆರಿಕದ ನೆಲದಲ್ಲಿ ಹುಟ್ಟಿದವರು ಅಲ್ಲಿನ ಪ್ರಜೆಗಳು ಎನ್ನುವುದು 1868ರ ಹದಿನಾಲ್ಕನೇ ತಿದ್ದುಪಡಿಯ ಮಾತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪ್ರಕರಣದಲ್ಲಿ 1898ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಅಧ್ಯಕ್ಷ ಟ್ರಂಪ್ ಜನವರಿ 20ರಂದು ಹೊರಡಿಸಿದ ಆದೇಶ ಆ ಹಕ್ಕಿಗೆ ಕತ್ತರಿ ಹಾಕಲು ಹೊರಟಿತು. 30 ದಿನ ಕಳೆದ ಮೇಲೆ ಹುಟ್ಟುವ ಮಕ್ಕಳಲ್ಲಿ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು ತಂದೆ ಪ್ರಜೆಯೂ ಅಲ್ಲದೆ ಗ್ರೀನ್ ಕಾರ್ಡೂ ಇಲ್ಲದವನಾಗಿದ್ದರೆ, ಆ ಮಗುವಿಗೆ ಪೌರತ್ವವಿಲ್ಲ ಎಂದಿತು. ಎಚ್-1ಬಿ ವೀಸಾದಲ್ಲಿರುವ ನಮ್ಮ ಹುಡುಗರು ಹುಡುಗಿಯರಿಗೆ ಇದು ನೇರವಾಗಿ ತಟ್ಟುವಂಥದು. ಫೆಬ್ರುವರಿ 20ಕ್ಕೆ ಮೊದಲೇ ಸಿಸೇರಿಯನ್ ಮಾಡಿಬಿಡಿ ಎಂದು ಭಾರತೀಯ ದಂಪತಿಗಳು ಅಲ್ಲಿನ ವೈದ್ಯರ ಬಳಿ ಹೋಗುತ್ತಿದ್ದಾರೆಂಬ ವರದಿಗಳು ಆ ವಾರವೇ ಬಂದವು. ಅವರಲ್ಲಿ ಎಂಟನೇ ತಿಂಗಳಿನವರೂ ಇದ್ದರು.

ನಮ್ಮಲ್ಲಿ ಒಂದು ನಂಬಿಕೆ ಇದೆ: ಏಳರ ಮಗು ಉಳಿಯುತ್ತದೆ, ಎಂಟರದು ಉಳಿಯುವುದಿಲ್ಲ. ಇದು ತಪ್ಪು, ಎರಡೂ ಕಡೆಯಿಂದ ತಪ್ಪು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭ. ಶ್ವಾಸಕೋಶ, ಮೆದುಳು, ಮೊಲೆ ಚೀಪುವ ಶಕ್ತಿ, ಮೈ ಬೆಚ್ಚಗಿಟ್ಟುಕೊಳ್ಳುವ ಕೊಬ್ಬು ಎಲ್ಲ ಬಲಿಯುವುದು ಆ ಕೊನೆಯ ವಾರಗಳಲ್ಲೇ. ಮುಂಚೆ ತೆಗೆದ ಕೂಸು ಉಸಿರಿಗೆ ಕಷ್ಟಪಟ್ಟು ಗಾಜಿನ ಪೆಟ್ಟಿಗೆ ಸೇರುವುದುಂಟು. ಟ್ರಂಪ್ ಅವರ ಆ ಆದೇಶಕ್ಕೆ ಜಾರಿಗೆ ಬರುವ ಮುನ್ನವೇ ಫೆಡರಲ್ ನ್ಯಾಯಾಲಯಗಳು ತಡೆ ಕೊಟ್ಟವು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಾಲಯದ ತಾರೀಕು ಮುಂದಕ್ಕೆ ಹೋಗಬಹುದು, ಮುರಿದುಬೀಳಬಹುದು. ಹೊಟ್ಟೆ ಕೊಯ್ದು ಮುಂಚಿತವಾಗಿ ತೆಗೆದ ಕೂಸನ್ನು ಮತ್ತೆ ಒಳಗಿಡಲಾಗದು.

ಪ್ರವಾಸಿ ವೀಸಾದಲ್ಲಿ ಹೋಗಿ ಹೆರುವ ಯೋಚನೆ ಇರುವವರಿಗೆ ದಾರಿ ಇನ್ನೂ ಕಡಿದು. ಮಗುವಿಗೆ ಪೌರತ್ವ ಕೊಡಿಸುವುದೇ ಮುಖ್ಯ ಉದ್ದೇಶ ಎಂದು ಅಧಿಕಾರಿಗೆ ಅನ್ನಿಸಿದರೆ ವೀಸಾ ನಿರಾಕರಿಸಬಹುದು ಎಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ. ಬಸುರಿಯಾಗಿ ಅಮೆರಿಕಕ್ಕೆ ಹೋಗುವುದೇ ಅಪರಾಧವಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಆ ದೇಶದ ಬಾಗಿಲು ಜೀವಮಾನಪೂರ್ತಿ ಮುಚ್ಚುವ ಸಂಭವವಿದೆ. ದುಡ್ಡಿನ ಮಾತೂ ಹಗುರವಲ್ಲ. ನಮ್ಮಲ್ಲಿ ಕೊಳ್ಳುವ ಪ್ರವಾಸ ವಿಮೆಗಳು ಸಾಮಾನ್ಯವಾಗಿ ಬಸಿರು, ಹೆರಿಗೆಯ ಖರ್ಚನ್ನು ಹೊರಗಿಡುತ್ತವೆ. ತುರ್ತು ಸ್ಥಿತಿಯಲ್ಲಿ ಬಂದವರನ್ನು ಅಮೆರಿಕದ ಆಸ್ಪತ್ರೆಗಳು ತಿರುಗಿಸಿ ಕಳುಹಿಸುವಂತಿಲ್ಲ ಎಂದು 1986ರ ಕಾನೂನು ಹೇಳುತ್ತದೆ, ಬಿಲ್ಲು ಕೊಡಬಾರದು ಎಂದು ಹೇಳುವುದಿಲ್ಲ. ದಿನ ತುಂಬದ ಕೂಸು ಕೆಲವು ವಾರ ತೀವ್ರ ನಿಗಾ ಘಟಕದಲ್ಲಿದ್ದರೆ ಬಿಲ್ಲು ಲಕ್ಷ ಡಾಲರ್ ದಾಟುವುದು ಅಲ್ಲಿ ಅಪರೂಪವಲ್ಲ. ಊರಿನ ಒಂದು ಮನೆ, ಒಂದು ತೋಟ ಅದರಲ್ಲಿ ಕರಗಿಹೋಗುತ್ತದೆ.

ಇಷ್ಟೆಲ್ಲ ಆಗಿ ಸಿಗುವುದೇನು? ಮಗುವಿನ ಪಾಸ್‌ಪೋರ್ಟಿನಿಂದ ಅಪ್ಪ ಅಮ್ಮನಿಗೆ ಕೂಡಲೇ ಯಾವ ಹಕ್ಕೂ ಬರುವುದಿಲ್ಲ. ಮಗುವಿಗೆ 21 ತುಂಬಿದ ಮೇಲೆಯೇ ಅದು ತಂದೆತಾಯಿಗಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಎಲ್ಲಿಯೇ ಬದುಕಿದರೂ ಅಮೆರಿಕದ ಪ್ರಜೆ ತನ್ನ ಆದಾಯದ ಲೆಕ್ಕವನ್ನು ಅಲ್ಲಿನ ತೆರಿಗೆ ಇಲಾಖೆಗೆ ಒಪ್ಪಿಸಬೇಕು. ಚಿಕ್ಕಮಗಳೂರಿನಲ್ಲಿ ಬೆಳೆದ ಮಗುವಿಗೂ ಅದು ತಪ್ಪದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇಲ್ಲಿನ ಶಾಲೆಗೆ ಸೇರುವ ಆ ಮಗು ವಿದೇಶಿ ಪ್ರಜೆ, ಅದಕ್ಕೆ ಒಸಿಐ ಕಾರ್ಡ್ ಬೇಕು, ಓಟಿನ ಹಕ್ಕಿಲ್ಲ.

ಹುಟ್ಟಿನಿಂದ ಪೌರತ್ವ ಕೊಡದ ದೇಶಗಳಲ್ಲಿ ಹೆರುವವರಿಗೆ ಬೇರೆಯೇ ಗಡಿಬಿಡಿ. ಕೊಲ್ಲಿಯಲ್ಲಿ ಹುಟ್ಟಿದ ಕನ್ನಡಿಗರ ಮಗು ಭಾರತದ ಪ್ರಜೆಯೇ, ಆದರೆ ತಾನಾಗಿ ಅಲ್ಲ. ವಿದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ಅಲ್ಲಿನ ವಾಸದ ವೀಸಾ ಆಗಬೇಕು, ತಪ್ಪಿದರೆ ದಂಡ. ಹಸಿ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿರಬೇಕಾದ ದಿನಗಳಲ್ಲಿ ಗಂಡ ಹೆಂಡತಿ ಕೂಸಿನ ಫೋಟೊ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡುತ್ತಾರೆ. ಪಾಸ್‌ಪೋರ್ಟ್ ಕೈಗೆ ಬರುವವರೆಗೆ ತಾಯಿ ಮಗು ಊರಿಗೆ ಹೊರಡುವಂತಿಲ್ಲ, ಅಜ್ಜಿ ತೀರಿಕೊಂಡರೂ.

ತವರಿನ ಬಾಣಂತನ ಬೇಡ ಎಂದು ನಾನು ಹೇಳುತ್ತಿಲ್ಲ. ಅಮ್ಮನ ಕೈಯ ಎಣ್ಣೆನೀರು, ಬೆಳ್ಳುಳ್ಳಿ ಸಾರು, ರಾತ್ರಿ ಕೂಸು ಅತ್ತಾಗ ಎತ್ತಿಕೊಳ್ಳಲು ಇನ್ನೆರಡು ಕೈ, ಇವುಗಳ ಬೆಲೆ ಪರದೇಶದಲ್ಲಿ ಒಂಟಿಯಾಗಿ ಹೆತ್ತವರಿಗೆ ಗೊತ್ತು. ಬರುವುದಾದರೆ ಬೇಗ ಬರಲಿ, 28 ವಾರಕ್ಕೆ ಮೊದಲೇ ಬರಲಿ. ಬಾರದ ಮಗಳ ಬಳಿಗೆ ಅಮ್ಮನೇ ಹೋಗಲಿ. ನಮ್ಮ ಎಷ್ಟೋ ಅಮ್ಮಂದಿರು ಅಂಟುಂಡೆ, ಮೆಣಸಿನ ಪುಡಿ ಕಟ್ಟಿಕೊಂಡು ಆರು ತಿಂಗಳ ಮಟ್ಟಿಗೆ ಹೋಗಿಬರುತ್ತಿದ್ದಾರೆ. ಬಿಪಿ ಇದ್ದವರು, ಮಾಸು ಕೆಳಗಿರುವವರು, ಅವಳಿ ಹೊತ್ತವರು, ಹಿಂದೆ ದಿನ ತುಂಬದೆ ಹೆತ್ತವರು ಮನೆಯವರ ಒತ್ತಾಯಕ್ಕೆ ಮಣಿದು ವಿಮಾನ ಹತ್ತಬಾರದು. ಸೀಮಂತವನ್ನು ಅಲ್ಲಿಯೇ ನಾಲ್ಕು ಮಂದಿ ಗೆಳತಿಯರು ಸೇರಿ ಮಾಡಿದರೂ ದೇವರು ಒಪ್ಪುತ್ತಾನೆ.

ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಒಂದು ತಾಯಿ ಕಾರ್ಡ್ ಮಾಡಿಸಿಕೊಡುತ್ತಾರೆ. ಕೊನೆಯ ಮುಟ್ಟಿನ ದಿನ, ಹೆರಿಗೆಗೆ ಕೊಟ್ಟ ದಿನ, ರಕ್ತದ ಗುಂಪು, ಹಿಮೋಗ್ಲೋಬಿನ್, ತೂಕ, ಬಿಪಿ, ಹಾಕಿದ ಚುಚ್ಚುಮದ್ದು, ಎಲ್ಲ ಅದರಲ್ಲಿ ಕೈಬರಹದಲ್ಲಿರುತ್ತವೆ. ಓಟಿಪಿ ಕೇಳುವುದಿಲ್ಲ. ಮಡಿಸಿ, ಬೆವರು ತಾಗಿ, ಅಂಚು ಹರಿದಿದ್ದರೂ ರಾತ್ರಿ ಎರಡು ಗಂಟೆಗೆ ಯಾವುದೋ ತಾಲ್ಲೂಕು ಆಸ್ಪತ್ರೆಯ ನರ್ಸು ಅದನ್ನು ಬಿಡಿಸಿ ಓದಿ ಮುಂದಿನ ಕೆಲಸ ಶುರುಮಾಡಬಲ್ಲಳು. ಕೋಟಿ ರೂಪಾಯಿ ಸಂಬಳದವರ ಫೋನಿನೊಳಗಿನ ಫೈಲಿಗೆ ಆ ಶಕ್ತಿ ಇಲ್ಲದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಆದ್ದರಿಂದ ಈ ಪುಟ ಓದುತ್ತಿರುವ ಅಮ್ಮಂದಿರಲ್ಲಿ ಒಂದು ಬೇಡಿಕೆ. ಮಗಳಿಗೋ ಸೊಸೆಗೋ ಟಿಕೆಟ್ ತೆಗೆಯುವ ಮುನ್ನ ‘ಎಷ್ಟು ತಿಂಗಳು’ ಎಂದು ಕೇಳಬೇಡಿ, ‘ಎಷ್ಟು ವಾರ’ ಎಂದು ಕೇಳಿ. ಅವಳು ಎಲ್ಲಿಂದ ಹೊರಡುತ್ತಾಳೋ ಅಲ್ಲಿನ ವೈದ್ಯರಿಂದ ರಕ್ತದ ಗುಂಪು, ಸ್ಕ್ಯಾನು, ಆದ ಮತ್ತು ಆಗಬೇಕಾದ ಚುಚ್ಚುಮದ್ದು ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಲು ಹೇಳಿ. ಆ ಕಾಗದ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ.